ಸಿಡ್ನಿ ಲೆರೂ ಬಗೆದ ದ್ರೋಹ ಯಾವುದು?

2013ರ ಜೂನ್ 2ರಂದು ಟೊರೊಂಟೊದ ಬಿಎಂಒ ಫೀಲ್ಡ್‌ನಲ್ಲಿ ಕೆನಡಾ ಮತ್ತು ಅಮೆರಿಕದ ಮಹಿಳಾ ಫುಟ್‌ಬಾಲ್ ತಂಡಗಳು ಎದುರಾದವು. ಗ್ಯಾಲರಿಯಲ್ಲಿ 22 ಸಾವಿರಕ್ಕೂ ಹೆಚ್ಚು ಜನ. ಅಮೆರಿಕದ ಪರ ಆಡುತ್ತಿದ್ದ ಸಿಡ್ನಿ ಲೆರೂ ಕಾಲಿಗೆ ಚೆಂಡು ಬಂದಾಗಲೆಲ್ಲ ಇಡೀ ಕ್ರೀಡಾಂಗಣ ಬೂ ಎಂದು ಕೂಗುತ್ತಿತ್ತು. ಅಲೆಕ್ಸ್ ಮಾರ್ಗನ್ ಎರಡು ಗೋಲು ಹೊಡೆದು ಪಂದ್ಯವನ್ನು ಆಗಲೇ ತೀರ್ಮಾನಿಸಿಯಾಗಿತ್ತು. ಕೊನೆಯ ಹೆಚ್ಚುವರಿ ನಿಮಿಷಗಳಲ್ಲಿ ಲೆರೂ ಮೂರನೆಯದನ್ನು ಹೊಡೆದಳು. ಹೊಡೆದವಳೇ ಎದೆಯ ಮೇಲಿದ್ದ ಅಮೆರಿಕದ ಲಾಂಛನವನ್ನು ಬೆರಳಲ್ಲಿ ಎಳೆದು ತೋರಿಸಿ, ತುಟಿಯ ಮೇಲೆ ಬೆರಳಿಟ್ಟು ಗ್ಯಾಲರಿಗೆ ಸುಮ್ಮನಿರಿ ಎಂದಳು.

ಆಕೆ ಹುಟ್ಟಿದ್ದು ಕೆನಡಾದಲ್ಲಿ. ಬ್ರಿಟಿಷ್ ಕೊಲಂಬಿಯಾದ ಸರ್ರೆ ಆಕೆಯ ಊರು. ಹದಿನಾಲ್ಕನೆಯ ವಯಸ್ಸಿಗೆ ಕೆನಡಾದ 19ರೊಳಗಿನವರ ತಂಡದಲ್ಲಿ ಥಾಯ್ಲೆಂಡ್‌ಗೆ ಹೋಗಿ ವಿಶ್ವ ಟೂರ್ನಿ ಆಡಿದ್ದಳು. ಹೀಗಾಗಿ ಆ ಬೆರಳು ಅನೇಕ ಕೆನಡಿಯನ್ನರಿಗೆ ಉಂಡ ಮನೆಗೆ ಎರಡು ಬಗೆದ ಕೃತ್ಯದಂತೆ ಕಂಡಿತು. ನಮ್ಮ ದೇಶ ಬೆಳೆಸಿತು, ಆಕೆ ಗೆಲ್ಲುವ ಪಕ್ಷಕ್ಕೆ ಹಾರಿದಳು, ಬಂದು ನಮ್ಮ ಮುಖಕ್ಕೇ ಬೆರಳು ತೋರಿಸಿದಳು ಎಂಬ ಮಾತು ಅಂದಿನಿಂದ ಸ್ಥಿರವಾಗಿ ನಿಂತುಬಿಟ್ಟಿದೆ. ಎರಡು ದೇಶಗಳ ನಂಟಿರುವ ಆಟಗಾರ್ತಿಯರ ಚರ್ಚೆ ಬಂದರೆ ಲೆರೂ ಹೆಸರು ಇವತ್ತಿಗೂ ಬರುತ್ತದೆ, ಬರುವಾಗ ಈ ಆರೋಪವನ್ನೂ ಹೊತ್ತೇ ಬರುತ್ತದೆ. ಆಕೆಯ ಪರ ನಿಲ್ಲುವವರು ಕೂಡ ಹೆಚ್ಚೆಂದರೆ "ಪಾಪ, ಚಿಕ್ಕ ಹುಡುಗಿ, ಅವಳ ಕನಸು ಅವಳದು" ಎಂದು ಮಾಫಿ ಕೊಡುವ ದನಿಯಲ್ಲಿ ಮಾತಾಡುತ್ತಾರೆ.

ಮಾಫಿ ಕೊಡುವಂಥದ್ದು ಇಲ್ಲಿ ಏನೂ ಇಲ್ಲ ಎಂಬುದು ನನ್ನ ವಾದ. ಲೆರೂಳನ್ನು ಅಳೆದ ಮಾನದಂಡವೇ ತಪ್ಪು. ಅದು ಗಂಡಸರ ಫುಟ್‌ಬಾಲ್‌ನಿಂದ ತಂದದ್ದು. ಕ್ಲಬ್ ಅನ್ನ ಕೊಡುತ್ತದೆ, ದೇಶ ಗೌರವ ಕೊಡುತ್ತದೆ ಎಂಬ ವ್ಯವಸ್ಥೆ ಗಂಡಸರದು. ಆಕೆ ಬೆಳೆದ ಕಾಲದ ಮಹಿಳಾ ಫುಟ್‌ಬಾಲ್‌ನಲ್ಲಿ ದೇಶದ ಜೆರ್ಸಿಯೇ ನೌಕರಿಯಾಗಿತ್ತು.

ಮೊದಲು ಮನೆಯ ಕಥೆ. ತಾಯಿ ಸ್ಯಾಂಡಿ ಲೆರೂ ಕೆನಡಾದ ಸಾಫ್ಟ್‌ಬಾಲ್ ರಾಷ್ಟ್ರೀಯ ತಂಡದಲ್ಲಿ ಆಡಿದವಳು. ತಂದೆ ರೇ ಚಾಡ್ವಿಕ್ ಅಮೆರಿಕದ ಕಪ್ಪುವರ್ಣೀಯ ಬೇಸ್‌ಬಾಲ್ ಆಟಗಾರ, 1986ರಲ್ಲಿ ಕ್ಯಾಲಿಫೋರ್ನಿಯಾ ಏಂಜೆಲ್ಸ್ ತಂಡಕ್ಕೆ ಪಿಚರ್ ಆಗಿದ್ದವನು. ಮಗಳು ಹುಟ್ಟಿದ್ದು 1990ರ ಮೇ 7ರಂದು, ಬೆಳೆಸಿದ್ದು ತಾಯಿಯೊಬ್ಬಳೇ. ವಿಚಿತ್ರವೆಂದರೆ ಅಮೆರಿಕದ ಆ ತಂದೆ ಮುಂದೆ ಕೆನಡಾದ ಕಮ್ಲೂಪ್ಸ್ ಊರಿನ ವಿಶ್ವವಿದ್ಯಾಲಯದಲ್ಲಿ ಬೇಸ್‌ಬಾಲ್ ಕೋಚ್ ಆಗಿ ನೆಲೆಸಿದ. ಕೆನಡಾದ ಮಗಳು ಅಮೆರಿಕಕ್ಕೆ ಹೋದಳು. ತಂದೆ ಗಡಿ ದಾಟಿದ್ದನ್ನು ಯಾರೂ ದ್ರೋಹ ಅನ್ನಲಿಲ್ಲ. ಕೆಲಸ ಸಿಕ್ಕ ಕಡೆ ಹೋದ, ಅಷ್ಟೇ. ಮಗಳು ಮಾಡಿದ್ದೂ ಅದನ್ನೇ ಅಲ್ಲವೇ?

ಹದಿನೈದರ ಆಸುಪಾಸಿನಲ್ಲಿ ಲೆರೂ ತಾಯಿಯನ್ನು ಸರ್ರೆಯಲ್ಲೇ ಬಿಟ್ಟು ಅರಿಜೋನಾದ ಸ್ಕಾಟ್ಸ್‌ಡೇಲ್‌ಗೆ ಹೋದಳು. ಅಲ್ಲಿ ನೆಂಟರಿರಲಿಲ್ಲ. ಕ್ಲಬ್ಬಿನವರ ಪರಿಚಯದ ಮನೆಗಳಲ್ಲಿ, ಒಂದರಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಇದ್ದಳು. ಆ ವರ್ಷಗಳು ಎಷ್ಟು ಒಂಟಿತನದ್ದಾಗಿದ್ದವು, ಮನೆಯ ನೆನಪು ಎಷ್ಟು ಕಾಡಿತು ಎಂಬುದನ್ನು ಆಕೆಯೇ ಹಲವು ಸಲ ಹೇಳಿಕೊಂಡಿದ್ದಾಳೆ. ಗೆಲ್ಲುವ ಪಕ್ಷಕ್ಕೆ ಹಾರಿದಳು ಅನ್ನುವವರು ಈ ಭಾಗವನ್ನು ಓದುವುದಿಲ್ಲ. ಗೆಲ್ಲುವ ಪಕ್ಷಕ್ಕೆ ಹಾರುವವರು ಆ ಪಕ್ಷ ಕರೆದಾಗ ಹೋಗುತ್ತಾರೆ. ಲೆರೂಳನ್ನು ಅಮೆರಿಕದ ತಂಡ ಕರೆದಿರಲಿಲ್ಲ. ತಂದೆಯಿಂದ ಬಂದ ಪೌರತ್ವ ಒಂದನ್ನು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಕೆನಡಾದಲ್ಲಿ ಆಗಲೇ ಸಿಕ್ಕಿದ್ದ ಜಾಗ ಬಿಟ್ಟು, ಜಗತ್ತಿನಲ್ಲೇ ಅತಿ ಕಷ್ಟದ ಪೈಪೋಟಿ ಇರುವ ತಂಡದ ಬಾಗಿಲ ಮುಂದೆ ಹೋಗಿ ನಿಂತದ್ದನ್ನು ಸುಲಭದ ದಾರಿ ಎಂದು ಹೇಗೆ ಕರೆಯುವುದು?

ಅಮೆರಿಕದ ಕಡೆ ಏನಿತ್ತು ಎಂಬುದನ್ನೂ ಸರಿಯಾಗಿ ನೋಡಬೇಕು. 1972ರಲ್ಲಿ ಅಲ್ಲಿ ಬಂದ ಟೈಟಲ್ ನೈನ್ ಎಂಬ ಕಾನೂನು, ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗದ ಆಧಾರದಲ್ಲಿ ಭೇದ ಮಾಡಕೂಡದು ಎಂದು ಹೇಳಿತು. ಅದರ ಪರಿಣಾಮವಾಗಿ ಕಾಲೇಜುಗಳು ಹುಡುಗಿಯರ ತಂಡಗಳನ್ನು ಕಟ್ಟಬೇಕಾಯಿತು, ಸ್ಕಾಲರ್‌ಶಿಪ್ ಕೊಡಬೇಕಾಯಿತು. ನೂರಾರು ಕಾಲೇಜು ತಂಡಗಳ ಆ ಕಣಜದಿಂದಲೇ ಅಮೆರಿಕದ ಮಹಿಳಾ ಫುಟ್‌ಬಾಲ್ ಹುಟ್ಟಿತು. ಲೆರೂ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದಳು. 2008ರಲ್ಲಿ ಚಿಲಿಯಲ್ಲಿ ನಡೆದ 20ರೊಳಗಿನವರ ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ ಆಡಿ ತಂಡ ಚಾಂಪಿಯನ್ ಆಗುವಂತೆ ಮಾಡಿದಳು. ಶ್ರೇಷ್ಠ ಆಟಗಾರ್ತಿಯ ಗೋಲ್ಡನ್ ಬಾಲ್ ಮತ್ತು ಹೆಚ್ಚು ಗೋಲಿನ ಗೋಲ್ಡನ್ ಶೂ ಎರಡೂ ಆಕೆಗೇ ಬಂದವು. ಇದರಲ್ಲಿ ನಿಯಮದ ಉಲ್ಲಂಘನೆ ಇರಲಿಲ್ಲ. ಎರಡೂ ದೇಶಗಳ ಪೌರತ್ವ ಇದ್ದು ಕಿರಿಯರ ಮಟ್ಟದಲ್ಲಿ ಮಾತ್ರ ಆಡಿದವರು ಒಮ್ಮೆ ದೇಶ ಬದಲಿಸಬಹುದು ಎಂದು ಫಿಫಾ 2004ರಲ್ಲೇ ಅವಕಾಶ ಮಾಡಿಕೊಟ್ಟಿತ್ತು.

ಈಗ ನೌಕರಿಯ ಮಾತಿಗೆ ಬರೋಣ. 2012ರ ಜನವರಿಯಲ್ಲಿ ಅಮೆರಿಕದ ಆಗಿನ ವೃತ್ತಿಪರ ಲೀಗ್ ಆದ ಡಬ್ಲ್ಯುಪಿಎಸ್‌ನ ಆಯ್ಕೆಯಲ್ಲಿ ಅಟ್ಲಾಂಟಾ ಬೀಟ್ ತಂಡ ಲೆರೂಳನ್ನು ಎಲ್ಲರಿಗಿಂತ ಮೊದಲು ಆರಿಸಿತು. ಆಕೆ ಒಂದು ಪಂದ್ಯ ಆಡುವ ಮುಂಚೆಯೇ ಆ ಲೀಗ್ ಮುಚ್ಚಿಹೋಯಿತು. ಅದಕ್ಕೂ ಹಿಂದಿನ ಲೀಗ್ 2001ರಲ್ಲಿ ಶುರುವಾಗಿ 2003ರಲ್ಲಿ ಮುಚ್ಚಿತ್ತು. ಮೂರನೆಯದಾದ ಎನ್‌ಡಬ್ಲ್ಯುಎಸ್‌ಎಲ್ 2013ರಲ್ಲಿ ಶುರುವಾದಾಗ ಆಟಗಾರ್ತಿಯರ ಸಂಬಳ ಇಡೀ ಋತುವಿಗೆ 6,000 ಡಾಲರಿನಿಂದ 30,000 ಡಾಲರ್. ಆರು ಸಾವಿರ ಡಾಲರಿನಲ್ಲಿ ಅಮೆರಿಕದ ನಗರದಲ್ಲಿ ಬಾಡಿಗೆ ಕೊಟ್ಟು ಬದುಕುವುದು ಸಾಧ್ಯವಿಲ್ಲ. ಆಟಗಾರ್ತಿಯರು ಅಪರಿಚಿತರ ಮನೆಯ ಕೋಣೆಗಳಲ್ಲಿ ಇದ್ದರು, ಮಕ್ಕಳಿಗೆ ತರಬೇತಿ ಕೊಟ್ಟು ಕಾಸು ಹೊಂದಿಸಿಕೊಂಡರು. ಇದರಿಂದ ಬಚಾವಾದವರು ರಾಷ್ಟ್ರೀಯ ತಂಡದವರು ಮಾತ್ರ. ಅಮೆರಿಕದ ಫುಟ್‌ಬಾಲ್ ಒಕ್ಕೂಟ ತನ್ನ ಮಹಿಳಾ ತಂಡಕ್ಕೆ ಒಪ್ಪಂದದ ಮೇಲೆ ಸಂಬಳ, ಆರೋಗ್ಯ ವಿಮೆ, ಹೆರಿಗೆಯ ಸೌಲಭ್ಯ ಕೊಡುತ್ತಿತ್ತು. ಅವರ ಕ್ಲಬ್ ಸಂಬಳವನ್ನೂ ಅದೇ ಕಟ್ಟುತ್ತಿತ್ತು. ಕೆನಡಾ ಮತ್ತು ಮೆಕ್ಸಿಕೊ ಒಕ್ಕೂಟಗಳು ಕೂಡ ಆ ಲೀಗಿನಲ್ಲಿದ್ದ ತಮ್ಮ ಆಟಗಾರ್ತಿಯರ ಸಂಬಳ ಭರಿಸಿದವು.

ಓವೆನ್ ಹಾರ್‌ಗ್ರೀವ್ಸ್ ಹೆಸರು ಕೆನಡಾದ ಇನ್ನೊಂದು ಹಳೆಯ ಗಾಯ. ಕ್ಯಾಲ್ಗರಿಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಆಡಿದವನು. ಅಸ್ಮಿರ್ ಬೆಗೊವಿಚ್ ಕೆನಡಾದ ಕಿರಿಯರ ತಂಡಗಳಲ್ಲಿ ಆಡಿ ಬೊಸ್ನಿಯಾಕ್ಕೆ ಹೋದ. ಇವರ ಜೊತೆಗೆ ಲೆರೂಳನ್ನು ಒಂದೇ ಪಟ್ಟಿಯಲ್ಲಿ ಸೇರಿಸುವುದು ರೂಢಿ. ಹಾರ್‌ಗ್ರೀವ್ಸ್ ಕೆನಡಾಕ್ಕೇ ಆಡಿದ್ದರೂ ಬಾಯರ್ನ್ ಮ್ಯೂನಿಕ್ ಆತನಿಗೆ ಸಂಬಳ ಕೊಡುತ್ತಲೇ ಇತ್ತು. ದೇಶದ ಆಯ್ಕೆಯಿಂದ ಆತನ ಅಡುಗೆಮನೆಯಲ್ಲಿ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ. ಲೆರೂಗೆ ಆಗುತ್ತಿತ್ತು. ಯಾವ ಜೆರ್ಸಿ ಎಂಬ ಪ್ರಶ್ನೆಯಲ್ಲೇ ಯಾವ ಕೆಲಸ, ಯಾವ ವಿಮೆ, ಎಷ್ಟು ವರ್ಷ ಆಡಬಲ್ಲೆ ಎಂಬ ಪ್ರಶ್ನೆಗಳೆಲ್ಲ ಅಡಗಿದ್ದವು. ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಆಕೆಯ ನಿಷ್ಠೆಯನ್ನು ತೂಗಿದವರು ನ್ಯಾಯವಾಗಿ ತೂಗಲಿಲ್ಲ.

ಇಲ್ಲೊಂದು ಆಕ್ಷೇಪವಿದೆ, ಅದು ತೂಕದ್ದು. ಆಕೆ ಹಣಕ್ಕಾಗಿ ಹೋದೆ ಎಂದು ಎಂದೂ ಹೇಳಲಿಲ್ಲ. ಚಿಕ್ಕಂದಿನಿಂದ ಅಮೆರಿಕದ ತಂಡಕ್ಕೇ ಆಡಬೇಕೆಂಬ ಆಸೆ ಇತ್ತು ಎಂದೇ ಹೇಳಿದಳು. ಹಾಗಿದ್ದರೆ ನೌಕರಿಯ ವಾದ ಎಲ್ಲಿ ನಿಲ್ಲುತ್ತದೆ? ನಿಲ್ಲುತ್ತದೆ. ಹುಡುಗಿಯೊಬ್ಬಳ ಆಸೆ ಗಾಳಿಯಲ್ಲಿ ಹುಟ್ಟುವುದಿಲ್ಲ. ತೊಂಬತ್ತರ ದಶಕದಲ್ಲಿ ಮಹಿಳಾ ಫುಟ್‌ಬಾಲ್ ಆಡಿ ಬದುಕುವವರನ್ನು, ತುಂಬಿದ ಕ್ರೀಡಾಂಗಣದಲ್ಲಿ ಆಡುವವರನ್ನು ನೋಡಬೇಕೆಂದರೆ ಆ ಖಂಡದಲ್ಲಿ ಕಾಣುತ್ತಿದ್ದದ್ದು ಅಮೆರಿಕದ ತಂಡವೇ. 1999ರ ವಿಶ್ವಕಪ್ ಫೈನಲ್‌ಗೆ ಪಸಡೇನಾದ ರೋಸ್ ಬೌಲ್‌ನಲ್ಲಿ ತೊಂಬತ್ತು ಸಾವಿರ ಜನ ಸೇರಿದಾಗ ಲೆರೂಗೆ ಒಂಬತ್ತು ವರ್ಷ. ಆ ವಯಸ್ಸಿನ ಕಣ್ಣಿಗೆ ಏನು ದೊಡ್ಡದಾಗಿ ಕಂಡಿತೋ ಅದೇ ಆಸೆಯಾಯಿತು. ಅದರ ಜೊತೆ ತಂದೆಯ ದೇಶವೂ ಅದೇ ಆಗಿತ್ತು. ಅರ್ಧ ತನ್ನದೇ ಆದ ದೇಶವನ್ನು ಆರಿಸಿಕೊಂಡವಳನ್ನು ಪರದೇಶಕ್ಕೆ ಮಾರಿಕೊಂಡವಳು ಎನ್ನುವುದು ಮಾತಿನ ಅತಿರೇಕ.

ಕ್ರಿಸ್ಟೀನ್ ಸಿಂಕ್ಲೇರ್ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕೆನಡಾದ ಮಟ್ಟಿಗೆ ಸಿಂಕ್ಲೇರ್ ನಿಷ್ಠೆಯ ಪ್ರತಿಮೆ. ದೇಶಕ್ಕಾಗಿ 190 ಗೋಲು. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಗಂಡಸರೂ ಸೇರಿ ಯಾರೂ ಅಷ್ಟು ಹೊಡೆದಿರಲಿಲ್ಲ. ಹುಟ್ಟಿದ್ದು ಬರ್ನಬಿಯಲ್ಲಿ, ಸರ್ರೆ ಇರುವ ವ್ಯಾಂಕೂವರ್ ಮಹಾನಗರ ಪ್ರದೇಶದಲ್ಲೇ. ಕಾಲೇಜು ಓದಿದ್ದು ಅಮೆರಿಕದ ಪೋರ್ಟ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ. ವೃತ್ತಿಪರ ಕ್ಲಬ್‌ಗಳಿಗೆ ಆಡಿದ್ದು ಅಮೆರಿಕದಲ್ಲಿ: ಮೊದಲು ಎಫ್‌ಸಿ ಗೋಲ್ಡ್ ಪ್ರೈಡ್, ಆಮೇಲೆ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್, 2013ರಿಂದ ನಿವೃತ್ತಿಯವರೆಗೆ ಪೋರ್ಟ್‌ಲೆಂಡ್ ಥಾರ್ನ್ಸ್. ಅಂದರೆ ಒಂದೇ ಮಹಾನಗರದ ಇಬ್ಬರು ಹುಡುಗಿಯರು ಒಂದೇ ಗಡಿ ದಾಟಿ, ಒಂದೇ ಬಗೆಯ ಕಾಲೇಜು ವ್ಯವಸ್ಥೆಯಲ್ಲಿ ಬೆಳೆದು, ಒಂದೇ ಲೀಗಿನಲ್ಲಿ ಆಡಿದರು. ಸಿಂಕ್ಲೇರ್‌ಳ ಪ್ರೀತಿಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಅಂಥ ಆಟಗಾರ್ತಿ ಶತಮಾನಕ್ಕೊಬ್ಬಳು. ಆದರೆ ಆಕೆಯನ್ನೂ ಕೆನಡಾ ಮನೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಮನೆಯಲ್ಲಿ ಲೀಗೇ ಇರಲಿಲ್ಲ. ಈ ಸಂಗತಿಯನ್ನು ಮರೆಸಲು ಲೆರೂ ಮೇಲಿನ ಸಿಟ್ಟು ಅನುಕೂಲಕರವಾಯಿತು ಎಂದೇ ನನಗೆ ತೋರುತ್ತದೆ.

ಬಂದವರನ್ನು ಕೆನಡಾ ಹೇಗೆ ಕಂಡಿತು? ಲಾರೆನ್ ಸೆಸೆಲ್‌ಮನ್ ಅಮೆರಿಕದ ವಿಸ್ಕಾನ್ಸಿನ್‌ನವಳು. ತಂದೆ ನ್ಯೂಫೌಂಡ್‌ಲೆಂಡ್‌ನವನಾದ್ದರಿಂದ ಕೆನಡಾಕ್ಕೆ ಆಡಿ 2012ರ ಒಲಿಂಪಿಕ್ ಕಂಚು ಗೆದ್ದಳು. ಜನೀನ್ ಬೆಕಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದವಳು, ಟೆಕ್ಸಸ್‌ನಲ್ಲಿ ಕಾಲೇಜು ಆಡಿದವಳು. ಕೆನಡಾದ ಅಪ್ಪ ಅಮ್ಮನ ಮಗಳು ಎಂಬ ಕಾರಣಕ್ಕೆ ಕೆನಡಾದ ಜೆರ್ಸಿ ತೊಟ್ಟಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಆಟ ಶುರುವಾದ ಇಪ್ಪತ್ತನೆಯ ಸೆಕೆಂಡಿಗೆ ಗೋಲು ಹೊಡೆದಳು, ಟೋಕಿಯೊದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದಳು. ಇಬ್ಬರನ್ನೂ ಕೆನಡಾ ತನ್ನವರೆಂದು ಅಪ್ಪಿಕೊಂಡಿತು, ಅಪ್ಪಿಕೊಳ್ಳಬೇಕಾದದ್ದೇ. ಅಪ್ಪನ ಊರಿನ ನಂಟು ಸೆಸೆಲ್‌ಮನ್ ವಿಷಯದಲ್ಲಿ ಪವಿತ್ರವಾಗಿ, ಲೆರೂ ವಿಷಯದಲ್ಲಿ ಬರೀ ಪಾಸ್‌ಪೋರ್ಟಿನ ಅನುಕೂಲವಾಗಿ ಕಾಣುವುದಾದರೆ, ಅಂಥ ವಾದಕ್ಕೆ ತತ್ವ ಎಂಬ ಹೆಸರು ಸಲ್ಲದು.

ನಮ್ಮ ಕಡೆಯ ಒಂದು ಮಾತು ಇಲ್ಲಿ ಹೇಳಬೇಕು. ಮದುವೆಯಾಗಿ ಹೋದ ಮಗಳು ತವರನ್ನು ಬಿಟ್ಟು ಗಂಡನ ಮನೆಯ ಹೆಸರನ್ನು ಹೊತ್ತು, ಆ ಮನೆಗೇ ದುಡಿಯಬೇಕೆಂದು ನಾವು ಹೇಳಿಕೊಟ್ಟು ಕಳಿಸುತ್ತೇವೆ. ಅದರಲ್ಲಿ ಯಾರಿಗೂ ದ್ರೋಹ ಕಾಣುವುದಿಲ್ಲ. ತನ್ನ ಕಸುಬಿಗಾಗಿ, ತಾನೇ ನಿರ್ಧರಿಸಿ ಹೆಣ್ಣುಮಗಳೊಬ್ಬಳು ಊರು ಬಿಟ್ಟಾಗ ಮಾತ್ರ ಋಣದ ಲೆಕ್ಕ ಎದ್ದು ನಿಲ್ಲುತ್ತದೆ. ಟೊರೊಂಟೊದ ಗ್ಯಾಲರಿಯ ಸಿಟ್ಟಿನಲ್ಲೂ ಈ ಅಂಶ ಇತ್ತೆಂದು ನಂಬಿದ್ದೇನೆ.

ಬೆಳೆಸಿದ್ದು ದೇಶ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಉತ್ತರ ಅಮೆರಿಕದಲ್ಲಿ ಮಕ್ಕಳ ಫುಟ್‌ಬಾಲ್ ನಡೆಯುವುದು ಅಪ್ಪ ಅಮ್ಮ ಕಟ್ಟುವ ಶುಲ್ಕದ ಮೇಲೆ. ಕ್ಲಬ್ಬಿನ ಫೀಸು, ಬೂಟು, ಪ್ರಯಾಣ ಎಲ್ಲ ಮನೆಯ ಖರ್ಚು. ಲೆರೂ ವಿಷಯದಲ್ಲಿ ಮನೆ ಎಂದರೆ ಒಬ್ಬಳೇ ತಾಯಿ. ಹದಿನಾಲ್ಕರ ಹುಡುಗಿಯನ್ನು ಕೆನಡಾ ಒಂದು ವಿಶ್ವ ಟೂರ್ನಿಗೆ ಕರೆದೊಯ್ದದ್ದು ನಿಜ, ಅದು ಸಣ್ಣದೇನಲ್ಲ. ಆದರೆ ಆ ಹುಡುಗಿಯೂ ಬದಲಿಗೆ ತನ್ನ ಆಟವನ್ನು ಕೊಟ್ಟಿದ್ದಳು. ಬಾಲ್ಯದ ಒಂದು ಜೆರ್ಸಿ ಇಡೀ ಬದುಕಿನ ಜೀತಪತ್ರವಾಗಬಾರದೆಂದೇ ಫಿಫಾ ಕಿರಿಯರ ಪಂದ್ಯಗಳಿಗೆ ರಿಯಾಯಿತಿ ಇಟ್ಟಿದ್ದು.

ಕೆನಡಾದವರ ನೋವಿಗೆ ಕಾರಣವಿತ್ತು ಎಂಬುದನ್ನು ಮುಚ್ಚಿಡುವುದು ನ್ಯಾಯವಲ್ಲ. 2012ರ ಆಗಸ್ಟ್ 6ರಂದು ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಕೆನಡಾ ಮತ್ತು ಅಮೆರಿಕದ ನಡುವೆ ನಡೆದ ಒಲಿಂಪಿಕ್ ಸೆಮಿಫೈನಲ್ ನೋಡಿದವರು ಅದನ್ನು ಮರೆಯುವುದಿಲ್ಲ. ಸಿಂಕ್ಲೇರ್ ಮೂರು ಗೋಲು ಹೊಡೆದು ಮೂರು ಸಲವೂ ಕೆನಡಾಕ್ಕೆ ಮುನ್ನಡೆ ತಂದಳು. ಗೋಲ್‌ಕೀಪರ್ ಎರಿನ್ ಮೆಕ್‌ಲೋಡ್ ಚೆಂಡನ್ನು ಆರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿದಳೆಂದು ರೆಫರಿ ಫ್ರೀ ಕಿಕ್ ಕೊಟ್ಟಳು. ಆಗ ಬಹುಮಟ್ಟಿಗೆ ಯಾರೂ ಜಾರಿ ಮಾಡದ ನಿಯಮವಾಗಿತ್ತು ಅದು. ಆ ಕಿಕ್ಕಿನಲ್ಲಿ ಚೆಂಡು ಕೆನಡಾದ ಆಟಗಾರ್ತಿಯ ಕೈಗೆ ತಾಗಿ ಪೆನಾಲ್ಟಿಯಾಯಿತು, ಅಮೆರಿಕದ ಅಬಿ ವಾಂಬಾಕ್ ಸಮ ಮಾಡಿದಳು, ಹೆಚ್ಚುವರಿ ಸಮಯವೂ ಮುಗಿದು 123ನೆಯ ನಿಮಿಷದಲ್ಲಿ ಅಲೆಕ್ಸ್ ಮಾರ್ಗನ್ ತಲೆಯಿಂದ ಗೋಲು ಹೊಡೆದಳು. 4-3. ಚಿನ್ನ ಅಮೆರಿಕಕ್ಕೆ ಹೋಯಿತು, ಚಿನ್ನದ ತಂಡದಲ್ಲಿ ಲೆರೂ ಇದ್ದಳು. ಆ ಗಾಯ ಹಸಿಯಾಗಿದ್ದಾಗಲೇ ಟೊರೊಂಟೊ ಪಂದ್ಯ ಬಂತು. ಅಷ್ಟು ಜನ ಬಂದು ಕೂಗಿದ್ದು ಮಹಿಳಾ ಫುಟ್‌ಬಾಲ್ ಬಗ್ಗೆ ಆ ದೇಶ ಎಷ್ಟು ತೀವ್ರವಾಗಿ ಮನಸ್ಸಿಟ್ಟುಕೊಂಡಿತ್ತು ಎಂಬುದಕ್ಕೂ ಸಾಕ್ಷಿ. ಎದುರಾಳಿಗೆ ಬೂ ಅನ್ನುವುದು ಆಟದ ಭಾಗವೇ. ನನ್ನ ತಕರಾರು ಕೂಗಿನ ಬಗ್ಗೆ ಅಲ್ಲ, ಕೂಗಿದ ಮೇಲೆ ಉತ್ತರವನ್ನು ಅಪರಾಧ ಎಂದ ಬಗ್ಗೆ. ಇಪ್ಪತ್ತೆರಡು ಸಾವಿರ ಜನ ಒಬ್ಬಳ ಮೇಲೆ ಕೂಗಬಹುದು, ಆಕೆ ಒಂದು ಬೆರಳನ್ನು ತುಟಿಯ ಮೇಲಿಡಬಾರದು ಎಂಬುದು ಯಾವ ಶಿಷ್ಟಾಚಾರ?

ಆ ಬೆರಳಿನ ಹಿಂದೆ ಇನ್ನೊಂದು ಕಥೆಯೂ ಇತ್ತು. 2012ರ ಜನವರಿಯಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಗಳು ವ್ಯಾಂಕೂವರ್‌ನಲ್ಲಿ ನಡೆದಿದ್ದವು. ಗ್ವಾಟೆಮಾಲಾ ವಿರುದ್ಧ ಅಮೆರಿಕ 13-0 ಗೆದ್ದ ಪಂದ್ಯದಲ್ಲಿ ಬದಲಿ ಆಟಗಾರ್ತಿಯಾಗಿ ಇಳಿದ ಲೆರೂ ಐದು ಗೋಲು ಹೊಡೆದಳು, ತನ್ನದೇ ಊರ ಹತ್ತಿರ. ಟೊರೊಂಟೊ ಪಂದ್ಯ ಮುಗಿದ ಮೇಲೆ ಆಕೆ ಟ್ವಿಟರ್‌ನಲ್ಲಿ ಜನಾಂಗೀಯ ನಿಂದನೆಯ ಬಗ್ಗೆ, ತನ್ನ ಕುಟುಂಬವನ್ನು ಎಳೆದು ಆಡಿದ ಮಾತುಗಳ ಬಗ್ಗೆ ಬರೆದಳು. ಆಮೇಲೆ ಬಂದ ಸ್ಪಷ್ಟೀಕರಣದಲ್ಲಿ ಆ ನಿಂದನೆ ಟೊರೊಂಟೊ ಗ್ಯಾಲರಿಯದ್ದಲ್ಲ, ಹಿಂದಿನ ವರ್ಷ ವ್ಯಾಂಕೂವರ್‌ನಲ್ಲಿ ಮತ್ತು ಸಾಮಾಜಿಕ ಜಾಲತಾಣಗಳಲ್ಲಿ ಆದದ್ದು ಎಂದು ತಿಳಿಯಿತು. ಕೂಡಲೇ ಆಕೆ ಸುಳ್ಳಿ ಎಂಬ ಇನ್ನೊಂದು ಪಟ್ಟಿ ಅಂಟಿಸಲು ಹಲವರು ಮುಂದಾದರು. ಯಾವ ಊರು ಎಂಬುದನ್ನು ಆಕೆ ಮೊದಲೇ ಸ್ಪಷ್ಟ ಹೇಳಬೇಕಿತ್ತು, ಒಪ್ಪುತ್ತೇನೆ. ಟೊರೊಂಟೊದ ಸಾವಿರಾರು ಮಾಮೂಲಿ ಅಭಿಮಾನಿಗಳ ಮೇಲೆ ಆ ಕಳಂಕ ಬರಬಾರದಿತ್ತು. ಆದರೆ ಊರಿನ ಹೆಸರು ಬದಲಾದ ಮಾತ್ರಕ್ಕೆ ನಿಂದನೆ ಇಲ್ಲವಾಗುವುದಿಲ್ಲ. ದ್ರೋಹಿ ಎಂಬ ಮಾತು ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಬಿಳಿಯ ತಾಯಿ, ಕಪ್ಪು ತಂದೆಯ ಮಗಳಿಗೆ ನೀನು ನಮ್ಮವಳಲ್ಲ ಎನ್ನುವಾಗ ಅದು ಜೆರ್ಸಿಯನ್ನು ಮಾತ್ರ ಕುರಿತು ಹೇಳಿದ ಮಾತಾಗಿ ಉಳಿಯುವುದಿಲ್ಲ.

ಲೆರೂ ಬಗ್ಗೆ ಬರೆಯುವವರು ಒಂದು ಚಿತ್ರವನ್ನು ಮರೆತೇಬಿಡುತ್ತಾರೆ. 2013ರಲ್ಲೇ ಆಕೆ ತನ್ನ ಕಾಲುಗಳ ಫೋಟೊ ಹಾಕಿದ್ದಳು. ಕೃತಕ ಹುಲ್ಲಿನ ಮೇಲೆ ಜಾರಿ ಬಿದ್ದು ಮೊಣಕಾಲ ಕೆಳಗೆ ಚರ್ಮ ಸುಲಿದು, ತರಚಿ, ರಕ್ತ ಒಸರುತ್ತಿದ್ದ ಕಾಲುಗಳು. ಬಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಅದನ್ನು ಹಂಚಿಕೊಂಡ ಮೇಲೆ ಜಗತ್ತೆಲ್ಲ ನೋಡಿತು. 2015ರ ಮಹಿಳಾ ವಿಶ್ವಕಪ್ ಕೆನಡಾದಲ್ಲಿ ಪೂರ್ತಿಯಾಗಿ ಕೃತಕ ಹುಲ್ಲಿನ ಮೇಲೆ ನಡೆಯುವುದೆಂದು ತೀರ್ಮಾನವಾಗಿತ್ತು. ಗಂಡಸರ ವಿಶ್ವಕಪ್‌ಗೆ ಎಂದೂ ಹಾಗೆ ಮಾಡಿರಲಿಲ್ಲ. ಅಬಿ ವಾಂಬಾಕ್ ಮುಂದಾಳತ್ವದಲ್ಲಿ ಹಲವು ದೇಶಗಳ ಆಟಗಾರ್ತಿಯರು 2014ರಲ್ಲಿ ಒಂಟಾರಿಯೊದ ಮಾನವ ಹಕ್ಕು ನ್ಯಾಯಮಂಡಳಿಗೆ ಲಿಂಗತಾರತಮ್ಯದ ದೂರು ಕೊಟ್ಟರು. ಮರುವರ್ಷದ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು, ಪಂದ್ಯಗಳು ಕೃತಕ ಹುಲ್ಲಿನ ಮೇಲೇ ನಡೆದವು. ಆ ವಿವಾದದಲ್ಲಿ ಜನರ ಕಣ್ಣಿಗೆ ಬಿದ್ದ ಸಾಕ್ಷಿ ಲೆರೂಳ ಕಾಲುಗಳೇ. ಗೆಲುವಿನ ರುಚಿಗೆ ಮಾತ್ರ ಆಡುತ್ತಿದ್ದವಳು ಎಂದು ಹೇಳುವವರು ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು. ವಿಶ್ವಕಪ್ ಫೈನಲ್ ವ್ಯಾಂಕೂವರ್‌ನಲ್ಲಿ, ಸರ್ರೆಯಿಂದ ಸಿಟಿ ರೈಲಿನಲ್ಲಿ ಹೋಗಿಬರಬಹುದಾದ ದೂರದಲ್ಲಿ ನಡೆಯಿತು. ಅಮೆರಿಕ ಜಪಾನನ್ನು 5-2ರಿಂದ ಸೋಲಿಸಿತು. ಲೆರೂ ಅಂದು ಅಂಗಳಕ್ಕೆ ಇಳಿಯಲಿಲ್ಲ, ಆದರೆ ವಿಶ್ವ ಚಾಂಪಿಯನ್ ಆದಳು. ಅಮೆರಿಕಕ್ಕೆ 77 ಪಂದ್ಯ, 35 ಗೋಲು. ಅದರ ದೊಡ್ಡ ಪಾಲು ಬದಲಿಯಾಗಿ ಇಳಿದು ಆಡಿದ್ದು. ಇಷ್ಟು ಪ್ರತಿಭೆಯವಳು ಕೆನಡಾದಲ್ಲಿದ್ದರೆ ಪ್ರತಿ ಪಂದ್ಯದಲ್ಲೂ ಮೊದಲ ಹನ್ನೊಂದರಲ್ಲಿ ಇರುತ್ತಿದ್ದಳು.

ಇದ್ದು ನಿಷ್ಠೆ ತೋರಿದವರಿಗೆ ಕೆನಡಾ ಏನು ಕೊಟ್ಟಿತು ಎಂಬುದೂ ಈಗ ಚರಿತ್ರೆಯ ಭಾಗ. 2021ರಲ್ಲಿ ಟೋಕಿಯೊದಲ್ಲಿ ಆ ತಂಡ ಸೆಮಿಫೈನಲ್‌ನಲ್ಲಿ ಅಮೆರಿಕವನ್ನೇ ಸೋಲಿಸಿ ಒಲಿಂಪಿಕ್ ಚಿನ್ನ ಗೆದ್ದಿತು. ಗೆದ್ದು ಎರಡು ವರ್ಷ ತುಂಬುವ ಮೊದಲೇ, 2023ರ ಫೆಬ್ರವರಿಯಲ್ಲಿ, ಅದೇ ಆಟಗಾರ್ತಿಯರು ಬಜೆಟ್ ಕಡಿತ ಮತ್ತು ವೇತನದ ವಿಷಯಕ್ಕೆ ಮುಷ್ಕರ ಹೂಡಿದರು. ಕಾನೂನು ಕ್ರಮದ ಬೆದರಿಕೆ ಬಂದು ಆಟಕ್ಕೆ ಮರಳಿದಾಗ, ಸಾಕಿನ್ನು ಸಾಕು ಎಂಬರ್ಥದ ಬರಹವಿದ್ದ ನೇರಳೆ ಅಂಗಿ ತೊಟ್ಟು ಅಂಗಳದಲ್ಲಿ ಸಾಲಾಗಿ ನಿಂತರು. ಸಿಂಕ್ಲೇರ್ ಅವರ ಮುಂದಿದ್ದಳು. ಹಿಂದಿನ ವರ್ಷದ ಕೆಲಸಕ್ಕೆ ಇನ್ನೂ ದುಡ್ಡು ಬಂದಿಲ್ಲ ಎಂದು ಆಟಗಾರ್ತಿಯರು ಬಹಿರಂಗವಾಗಿ ಹೇಳಿದರು. ರಾಷ್ಟ್ರೀಯ ತಂಡ ಎಂಬುದು ಮಾಲೀಕನೂ ಹೌದು, ಮಾಲೀಕನ ಜೊತೆಗಿನ ಸಂಬಂಧದಲ್ಲಿ ಪ್ರೀತಿಯೊಂದೇ ಸಾಲದು ಎಂಬುದನ್ನು ದೇಶವನ್ನು ಎಂದೂ ಬಿಡದವರೇ ಆ ಅಂಗಿಯಲ್ಲಿ ಹೇಳಿದ್ದು. ಕೆನಡಾದ ಮೊದಲ ಮಹಿಳಾ ವೃತ್ತಿಪರ ಲೀಗ್ ಆದ ನಾರ್ದರ್ನ್ ಸೂಪರ್ ಲೀಗ್ ಶುರುವಾದದ್ದು 2025ರ ಏಪ್ರಿಲ್‌ನಲ್ಲಿ. ಕಟ್ಟಿದವಳು ಸಿಂಕ್ಲೇರ್‌ಳ ಹಳೆಯ ತಂಡಸಂಗಾತಿ ಡಯಾನಾ ಮ್ಯಾಥಿಸನ್, ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಗೋಲು ಹೊಡೆದವಳು. ವ್ಯಾಂಕೂವರ್ ತಂಡದ ಒಡೆತನದಲ್ಲಿ ಸಿಂಕ್ಲೇರ್‌ಗೂ ಪಾಲಿದೆ. ಲೀಗ್ ಬರಲಿಕ್ಕೆ ಲೆರೂ ಊರು ಬಿಟ್ಟು ಸುಮಾರು ಇಪ್ಪತ್ತು ವರ್ಷ ಹಿಡಿಯಿತು, ತಂದದ್ದೂ ಆಟಗಾರ್ತಿಯರೇ.

ಇದೆಲ್ಲ ದೂರದ ಊರಿನ ಜಗಳ ಎಂದು ಕನ್ನಡ ಓದುಗರು ಪಕ್ಕಕ್ಕಿಡುವಂತಿಲ್ಲ. 2023ರ ನವೆಂಬರ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ ನ್ಯೂಜಿಲೆಂಡ್‌ನ ರಚಿನ್ ರವೀಂದ್ರ 108 ರನ್ ಹೊಡೆದಾಗ ಗ್ಯಾಲರಿ ಆತನ ಹೆಸರನ್ನು ಕೂಗಿ ಕೂಗಿ ಕುಣಿಯಿತು. ಅಪ್ಪ ಅಮ್ಮ ಬೆಂಗಳೂರಿನವರು, ಹುಡುಗ ನಮ್ಮವನೇ ಎಂಬ ಖುಷಿ. ಮರುವರ್ಷ ಅದೇ ಅಂಗಳದಲ್ಲಿ ಭಾರತದ ವಿರುದ್ಧವೇ 134 ಹೊಡೆದು ನ್ಯೂಜಿಲೆಂಡ್ ಟೆಸ್ಟ್ ಗೆಲ್ಲಲು ಕಾರಣನಾದ. ಆಗಲೂ ಆತನನ್ನು ದ್ರೋಹಿ ಎಂದವರ ಮಾತು ನನ್ನ ಕಿವಿಗೆ ಬೀಳಲಿಲ್ಲ. ಇದು ಬೆಂಗಳೂರಿನ ದೊಡ್ಡತನ, ಅದರ ಬಗ್ಗೆ ನನಗೆ ಅಭಿಮಾನವಿದೆ. ಆದರೆ ರಚಿನ್ ಹುಟ್ಟಿ ಬೆಳೆದದ್ದು ವೆಲಿಂಗ್ಟನ್‌ನಲ್ಲಿ. ನಾವು ಕಳೆದುಕೊಂಡದ್ದು ಏನೂ ಇರಲಿಲ್ಲ. ನಮ್ಮ ಪರೀಕ್ಷೆ ಆಗುವುದು ಇಲ್ಲೇ ಹುಟ್ಟಿ, ಇಲ್ಲಿಯ ಕಿರಿಯರ ತಂಡದಲ್ಲಿ ಆಡಿದ ಹುಡುಗಿಯೊಬ್ಬಳು ಹೊರಗೆ ಹೋಗಿ ಭಾರತದ ವಿರುದ್ಧ ಗೋಲು ಹೊಡೆದ ದಿನ.

ನಮ್ಮ ಕಾನೂನು ಆ ಹುಡುಗಿಗೆ ಇನ್ನೂ ಕಠಿಣ. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಭಾರತ ಮೂಲದ ವಿದೇಶಿ ಪೌರರಿಗೆ ಸಿಗುವ ಒಸಿಐ ಕಾರ್ಡ್ ಇದ್ದವರು ದೇಶದ ತಂಡಕ್ಕೆ ಆಡುವಂತಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ಮುಂಬಯಿಯ ಆಂಗ್ಲೋ ಇಂಡಿಯನ್ ಕುಟುಂಬದ ತಾಯಿಯ ಮಗ, 2025ರಲ್ಲಿ ಭಾರತದ ಪಾಸ್‌ಪೋರ್ಟ್ ಪಡೆಯಲು ಆಸ್ಟ್ರೇಲಿಯಾದ್ದನ್ನು ಬಿಟ್ಟುಕೊಡಬೇಕಾಯಿತು. ಕ್ಲಬ್ ಸಂಬಳವಿರುವ ಗಂಡಸಿಗೆ ಅದು ಮಾಡಬಹುದಾದ ತ್ಯಾಗ. ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಶಾಲೆಯ ತಂಡದಲ್ಲಿ ಆಡುತ್ತಿರುವ ಕನ್ನಡದ ಮನೆಯ ಹುಡುಗಿಗೆ ಕಾಲೇಜು ಸ್ಕಾಲರ್‌ಶಿಪ್ಪನ್ನೂ ಅಲ್ಲಿಯ ಲೀಗನ್ನೂ ಬಿಟ್ಟು ಬಾ ಎಂದು ಯಾವ ಬಾಯಲ್ಲಿ ಹೇಳುವುದು?

ಹಾಗೆ ಹೇಳುವ ಮೊದಲು ಮಾಡಬಹುದಾದ ಒಂದು ಕೆಲಸ ನಮ್ಮ ಊರಲ್ಲೇ ಇದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಹುಡುಗಿಯರು 2023ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್‌ವರೆಗೆ ಹೋದರು. ಅವರ ಆಟ ನೋಡಿದ ಕನ್ನಡಿಗರು ಎಷ್ಟು ಜನ? ಮುಂದಿನ ಸಲ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮಹಿಳೆಯರ ಪಂದ್ಯ ಇದ್ದ ದಿನ, ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ.